ಬರ: ಮಾತೊಂದು, ಅರ್ಥ ಎರಡು

ಇಂಗ್ಲಿಷ್ ಭಾಷೆಯಲ್ಲಿ ಅಕ್ಕತಂಗಿಯರಂತೆ ಕಾಣುವ ಶಬ್ದಗಳು ಬಹಳ. ದೂರದಿಂದ ನೋಡಿದರೆ ಇವಳೇ ಅವಳು, ಅವಳೇ ಇವಳು ಎನಿಸುತ್ತದೆ. ಹತ್ತಿರ ಹೋಗಿ ಮಾತನಾಡಿಸಿದಾಗಲೇ ಇವಳ ಗುಣ ಬೇರೆ, ಅವಳ ಗುಣ ಬೇರೆ ಎಂಬುದು ತಿಳಿಯುವುದು. ಹೀಗೆ ಮೋಸಹೋಗಿ ತರಗತಿಯಲ್ಲಿ ನಗೆಗೀಡಾದವರ ಸಾಲಿನಲ್ಲಿ ನಾನೂ ಒಬ್ಬ. ನನ್ನನ್ನು ಮೋಸಗೊಳಿಸಿದ ಶಬ್ದಗಳು ಎರಡು: ಒಂದು ‘ಡ್ರೌಟ್’, ಇನ್ನೊಂದು ‘ಫ್ಯಾಮಿನ್’. ಎರಡಕ್ಕೂ ನಮ್ಮ ಊರ ಕಡೆ ಇರುವುದು ಒಂದೇ ಮಾತು, ಬರ. ಆ ಎರಡರ ನಡುವಿನ ಅಂತರವೆಷ್ಟು ಎಂಬುದನ್ನು ನಾನು ಅರ್ಧ ನಿಘಂಟಿನಿಂದಲೂ ಅರ್ಧ ನಮ್ಮ ಅಜ್ಜಿಯಿಂದಲೂ ಕಲಿತೆ. ಆ ಪಾಠವನ್ನು ವಾಚಕ ಮಿತ್ರರ ಮುಂದಿಡುವುದೇ ಈ ಲೇಖನದ ಉದ್ದೇಶ.

ನನ್ನದು ಕುಷ್ಟಗಿ ತಾಲೂಕಿನ ಒಂದು ಸಣ್ಣ ಹಳ್ಳಿ. ಮಸಾರಿ ಭೂಮಿ, ಮಳೆಯನ್ನೇ ನಂಬಿದ ಒಕ್ಕಲುತನ. ನಾನು ಬಿ.ಎ. ಮೊದಲನೆಯ ವರ್ಷಕ್ಕೆ ಸೇರಿದ್ದು 2023ರಲ್ಲಿ. ಆ ವರ್ಷ ಶ್ರಾವಣವೇ ಅಧಿಕಮಾಸವಾಗಿ ಬಂದಿತ್ತು. ‘ಬರಗಾಲದಲ್ಲಿ ಅಧಿಕಮಾಸ’ ಎಂಬ ಗಾದೆಯನ್ನು ಅಲ್ಲಿಯವರೆಗೆ ಮಾತಿಗೆ ಒಗ್ಗರಣೆಯೆಂದು ಬಳಸುತ್ತಿದ್ದ ನಮಗೆ ಅದು ಅಕ್ಷರಶಃ ಕಣ್ಣೆದುರಿಗೆ ಬಂದು ನಿಂತಿತು. ದೇಶದ ಮಳೆಯ ಲೆಕ್ಕದಲ್ಲಿ 1901ರಿಂದ ಈಚೆಗೆ ಅಷ್ಟು ಒಣಗಿದ ಆಗಸ್ಟ್ ತಿಂಗಳು ಬಂದಿರಲಿಲ್ಲ. ಸಜ್ಜೆ ಮೊಣಕಾಲೆತ್ತರ ಬೆಳೆದು ಅಲ್ಲಿಯೇ ನಿಂತಿತು. ಮುಂದೆ ಅದು ದನಕ್ಕೂ ಬೇಡವಾಯಿತು. ರಾಜ್ಯದ 236 ತಾಲೂಕುಗಳಲ್ಲಿ 223 ತಾಲೂಕುಗಳು ಬರಪೀಡಿತವೆಂದು ಸರಕಾರ ಸಾರಿತು. ದಸರೆ ಮುಗಿಯುತ್ತಲೇ ನಮ್ಮ ಓಣಿಯ ಒಂಬತ್ತು ಮನೆಗಳಿಗೆ ಬೀಗ ಬಿದ್ದಿತು. ನಮ್ಮ ಮನೆಗೆ ಬೀಗ ಬೀಳಲಿಲ್ಲ, ಏಕೆಂದರೆ ಅಜ್ಜಿ ಇದ್ದಳು. ಅಪ್ಪ, ಅವ್ವ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋದರು. ಎಂಟನೆಯ ತರಗತಿಯಲ್ಲಿದ್ದ ತಂಗಿಯನ್ನೂ ಕರೆದುಕೊಂಡು ಹೋದರು. ಸಣ್ಣ ತಮ್ಮನನ್ನು ನೋಡಿಕೊಳ್ಳಲು ಅಲ್ಲಿ ಒಬ್ಬರು ಬೇಕಾಗಿತ್ತು.

ಅದೇ ದಿನಗಳಲ್ಲಿ ನಮ್ಮ ಇಂಗ್ಲಿಷ್ ಪ್ರಾಧ್ಯಾಪಕರು ‘ನನ್ನ ಹಳ್ಳಿ’ ಎಂಬ ವಿಷಯದ ಮೇಲೆ ಒಂದು ಪುಟ ಬರೆಯಲು ಹೇಳಿದರು. ನಾನು ಹನುಮಪ್ಪನ ಗುಡಿ, ಬೇವಿನ ಕಟ್ಟೆ, ಕೆರೆ ಎಲ್ಲವನ್ನೂ ಬಣ್ಣಿಸಿ, ಕೊನೆಗೆ ‘ಈ ವರ್ಷ ನಮ್ಮ ಹಳ್ಳಿಯಲ್ಲಿ ಬರ ಬಿದ್ದಿದೆ’ ಎಂಬ ಅರ್ಥದ ವಾಕ್ಯವನ್ನು ಇಂಗ್ಲಿಷಿನಲ್ಲಿ ಬರೆದೆ. ಬರಕ್ಕೆ ನಾನು ಹಾಕಿದ ಶಬ್ದ ‘ಫ್ಯಾಮಿನ್’. ಎರಡರಲ್ಲಿ ಅದೇ ಹೆಚ್ಚು ಗಂಭೀರವಾಗಿ ಕೇಳಿಸಿತ್ತು, ಅಷ್ಟೇ ಕಾರಣ.

ಮರುದಿನ ಪ್ರಾಧ್ಯಾಪಕರು ನನ್ನನ್ನು ಎಬ್ಬಿಸಿ ನಿಲ್ಲಿಸಿ, “ನಿಮ್ಮೂರಾಗ ಎಷ್ಟು ಮಂದಿ ಸತ್ರಪ್ಪಾ?” ಎಂದು ಕೇಳಿದರು.

“ಯಾರೂ ಸತ್ತಿಲ್ರೀ ಸರ್.”

“ಹಂಗಾದ್ರ ಇದು ಫ್ಯಾಮಿನ್ ಅಲ್ಲ, ಡ್ರೌಟ್. ಸುಮ್ಮನ ಮಂದೀನ ಸಾಯಿಸಬ್ಯಾಡ” ಎಂದರು. ತರಗತಿ ನಕ್ಕಿತು. ನಾನೂ ನಕ್ಕೆ. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಶಬ್ದವನ್ನು ಕೆಂಪು ಶಾಯಿಯಲ್ಲಿ ತಿದ್ದಿಯೂ ಕೊಟ್ಟರು. ಆದರೆ ಸಂಜೆ ವಸತಿ ನಿಲಯಕ್ಕೆ ನಡೆದು ಹೋಗುವಾಗ ಆ ನಗೆ ಗಂಟಲಲ್ಲಿ ಸಿಕ್ಕಿಕೊಂಡಿತು. ಯಾರೂ ಸತ್ತಿಲ್ಲ, ನಿಜ. ಹಾಗೆಂದು ನಮ್ಮ ಓಣಿಗೆ ಏನೂ ಆಗಿಲ್ಲವೆ? ಬೀಗ ಬಿದ್ದ ಆ ಒಂಬತ್ತು ಮನೆಗಳನ್ನು ‘ಡ್ರೌಟ್’ ಎಂಬ ಶಬ್ದ ಒಳಗೊಳ್ಳುತ್ತದೆಯೆ? ಈ ಪ್ರಶ್ನೆ ನನ್ನನ್ನು ಗ್ರಂಥಾಲಯಕ್ಕೆ ಕರೆದೊಯ್ದಿತು.

ನಿಘಂಟು ಹೇಳುವುದು ಇಷ್ಟು. ‘ಡ್ರೌಟ್’ ಎಂಬುದು ಹಳೆಯ ಇಂಗ್ಲಿಷಿನ ಶಬ್ದ. ‘ಡ್ರೈ’, ಅಂದರೆ ಒಣಗಿದ್ದು ಎಂಬ ಶಬ್ದದ ಒಡಹುಟ್ಟು. ‘ಫ್ಯಾಮಿನ್’ ಫ್ರೆಂಚಿನ ದಾರಿ ಹಿಡಿದು ಲ್ಯಾಟಿನ್ನಿನಿಂದ ಬಂದದ್ದು. ಅಲ್ಲಿ ‘ಫಾಮೆಸ್’ ಎಂದರೆ ಹಸಿವು. ಒಂದು ನೆಲದ ಮಾತು, ಇನ್ನೊಂದು ಹೊಟ್ಟೆಯ ಮಾತು. ಒಂದನ್ನು ಮಳೆಮಾಪಕದಿಂದ ಅಳೆಯಬಹುದು, ಇನ್ನೊಂದನ್ನು ಮನುಷ್ಯರ ಮೈಯನ್ನು ನೋಡಿಯೇ ಅಳೆಯಬೇಕು. ನಮ್ಮ ಪ್ರಾಧ್ಯಾಪಕರ ಪ್ರಶ್ನೆ ಕೂಡ ಬಾಯಿಗೆ ಬಂದ ಪ್ರಶ್ನೆಯಾಗಿರಲಿಲ್ಲ. ಇಂದು ಜಗತ್ತಿನಲ್ಲಿ ‘ಫ್ಯಾಮಿನ್’ ಎಂದು ಸಾರಬೇಕಾದರೆ ಒಂದು ಕಟ್ಟುನಿಟ್ಟಾದ ಅಳತೆಯಿದೆ. ಐದರಲ್ಲಿ ಒಂದು ಮನೆತನಕ್ಕಾದರೂ ಅನ್ನವೇ ಇಲ್ಲದ ಸ್ಥಿತಿ, ನೂರರಲ್ಲಿ 30 ಮಕ್ಕಳಿಗೆ ತೀವ್ರ ಅಪೌಷ್ಟಿಕತೆ, ಪ್ರತಿ 10,000 ಜನರಲ್ಲಿ ದಿನಕ್ಕೆ ಇಬ್ಬರ ಸಾವು, ಈ ಮೂರೂ ಕೂಡಿಬರಬೇಕು. 2011ರಲ್ಲಿ ಸೊಮಾಲಿಯಾದ ಭಾಗಗಳಿಗೂ 2017ರಲ್ಲಿ ದಕ್ಷಿಣ ಸುಡಾನಿನ ಭಾಗಗಳಿಗೂ ಆ ಶಬ್ದವನ್ನು ಬಳಸಿದ್ದು ಹೀಗೆ ಅಳೆದ ಮೇಲೆಯೇ.

ಬಳಕೆಯ ಮಾತಿನಲ್ಲಿ ಮಾತ್ರ ಇಂಗ್ಲಿಷರು ಅಷ್ಟು ಬಿಗಿಯಲ್ಲ. ಆಟಗಾರನೊಬ್ಬ ನಾಲ್ಕು ಪಂದ್ಯಗಳಲ್ಲಿ ಓಟ ಗಳಿಸದಿದ್ದರೆ ಅವನಿಗೂ ‘ಡ್ರೌಟ್’ ಬರುತ್ತದೆ. ಮಧ್ಯಾಹ್ನ ಒಂದು ಗಂಟೆಗೆ ಊಟದ ಮೇಜಿಗೆ ಬಂದು ಕುಳಿತವನು ‘ನಾನು ಫ್ಯಾಮಿಶ್ಡ್’ ಎನ್ನುತ್ತಾನೆ. ಕ್ಷಾಮದಲ್ಲಿ ಸಿಕ್ಕವನ ಮಾತನ್ನು ಅರ್ಧ ಗಂಟೆ ತಡವಾದ ಊಟಕ್ಕೆ ಎರವಲು ತೆಗೆದುಕೊಳ್ಳುತ್ತಾನೆ. ನಾವೇನು ಕಡಮೆ? ಅಂಕಗಳಿಗೆ ಬರ, ಬಸ್ಸಿಗೆ ಬರ, ಲಗ್ನಕ್ಕೆ ಕನ್ಯೆಯ ಬರ ಎನ್ನುವವರು ನಾವು. ಹೊಟ್ಟೆ ತುಂಬಿದಾಗ ಇಂಥ ಮಾತುಗಳು ಅಗ್ಗವಾಗುತ್ತವೆ.

ಇನ್ನು ನಮ್ಮ ಕನ್ನಡದ ಕಡೆ ಬರೋಣ. ‘ಬರ’ ಎಂಬುದು ಮೂಲತಃ ಒಣಗುವಿಕೆಯ ಮಾತೇ. ‘ಬರಡು’ ಅದರ ಬಳಗದ್ದು; ತಮಿಳಿನ ‘ವರಟ್ಚಿ’ಯೂ ಅದರ ಬಳಗದ್ದೇ. ಸಂಸ್ಕೃತದಿಂದ ಬಂದ ಶಬ್ದಗಳಲ್ಲಿ ‘ಅನಾವೃಷ್ಟಿ’ ಎಂದರೆ ಮಳೆಯಿಲ್ಲದಿರುವುದು. ಇದು ನೇರವಾಗಿ ಡ್ರೌಟಿಗೆ ಸಮ. ‘ಕ್ಷಾಮ’ ಎಂದರೆ ಬೆಂದದ್ದು, ಸೊರಗಿದ್ದು, ಕೃಶವಾದದ್ದು. ಅದು ಹೊಲಕ್ಕೂ ಸಲ್ಲುತ್ತದೆ, ದೇಹಕ್ಕೂ ಸಲ್ಲುತ್ತದೆ. ಎಲ್ಲಕ್ಕಿಂತ ನನ್ನನ್ನು ಯೋಚನೆಗೆ ಹಚ್ಚಿದ ಶಬ್ದ ‘ದುರ್ಭಿಕ್ಷ’. ಭಿಕ್ಷೆಯೂ ಹುಟ್ಟದ ಕಾಲ ಎಂದು ಅದರ ಅರ್ಥ. ಆ ಶಬ್ದದಲ್ಲಿ ಮಳೆಯ ಹೆಸರೇ ಇಲ್ಲ, ಮೋಡದ ಮೇಲೆ ದೂರಿಲ್ಲ. ಕೊಡುವ ಕೈ ನಿಂತುಹೋಯಿತು ಎಂಬುದಷ್ಟೇ ಅಲ್ಲಿ ಹೇಳಿರುವುದು. ‘ಫ್ಯಾಮಿನ್’ ಎಂಬುದಕ್ಕೆ ಇದಕ್ಕಿಂತ ಒಪ್ಪುವ ಮಾತು ನನಗೆ ಕಾಣಲಿಲ್ಲ. ಇಷ್ಟೆಲ್ಲ ಶಬ್ದಗಳಿದ್ದೂ ನಮ್ಮ ಹಳ್ಳಿಗಳು ‘ಬರ’ ಎಂಬ ಒಂದನ್ನೇ ಏಕೆ ಇಟ್ಟುಕೊಂಡವು? ಇದಕ್ಕೆ ಉತ್ತರ ಗ್ರಂಥಾಲಯದಲ್ಲಿ ಸಿಗಲಿಲ್ಲ.

ದೀಪಾವಳಿಯ ರಜೆಗೆ ಊರಿಗೆ ಹೋದಾಗ ಅಜ್ಜಿಯನ್ನು ಕೇಳಿದೆ. ಕಟ್ಟೆಯ ಮೇಲೆ ಕುಳಿತು ಅಡಕೊತ್ತು ಹಿಡಿದಿದ್ದ ಅಜ್ಜಿ ನಮ್ಮ ಮನೆಯ ಮುಂದಿನ ಚಪ್ಪಡಿ ಕಲ್ಲನ್ನು ತೋರಿಸಿದಳು. ಅದರ ಕೆಳಗೆ ಹಗೇವು ಇದೆ. ನಮ್ಮ ಭಾಗದವರಲ್ಲದ ವಾಚಕರಿಗಾಗಿ ಹೇಳುತ್ತೇನೆ: ಹಗೇವು ಎಂದರೆ ಜೋಳ ತುಂಬಿಡಲು ನೆಲದಲ್ಲಿ ತೋಡಿದ ಕಣಜ. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಒಳಗೆ ಸುತ್ತಲೂ ಒಣಹುಲ್ಲು ಹಾಸಿ, ಕಾಳು ತುಂಬಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಗಾಳಿ ಆಡದೆ ಕಾಳು ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಬಾಯಿ ತೆರೆದ ಕೂಡಲೆ ಯಾರೂ ಒಳಗೆ ಇಳಿಯುವುದಿಲ್ಲ. ಮೊದಲು ದೀಪ ಇಳಿಬಿಟ್ಟು ನೋಡುತ್ತಾರೆ. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಇದೆಯೆಂದು ತಿಳಿದು ಕಾಯುತ್ತಾರೆ.

“ಮಳಿ ಹೋದ್ರ ಅರ್ಧ ಬರ ಯಪ್ಪಾ, ಹಗೇವು ಬರಿದಾದ್ರ ಪೂರಾ ಬರ” ಎಂದಳು ಅಜ್ಜಿ. “ಒಂದು ವರ್ಷ ಮಳಿ ಹೋದ್ರ ನಮ್ಮತ್ತಿ ಅಂಜತಿರಲಿಲ್ಲ. ಹಗೇವಿನ ಕಲ್ಲು ತಗದು ನೋಡೂದ್ರಾಗ ಅಂಜತಿದ್ಲು.”

ಎರಡು ಇಂಗ್ಲಿಷ್ ಶಬ್ದಗಳ ನಡುವಿನ ಅಂತರವನ್ನು ನಾನು ಮೂರು ನಿಘಂಟುಗಳಲ್ಲಿ ಹುಡುಕಿದ್ದೆ. ಅದು ನಮ್ಮ ಮನೆಯ ಮುಂದೆಯೇ ನೆಲದೊಳಗೆ ಇತ್ತು. ಡ್ರೌಟಿನಿಂದ ಫ್ಯಾಮಿನ್ನಿಗೆ ಹೋಗುವ ದಾರಿಯಲ್ಲಿ ಅಡ್ಡ ಮಲಗಿದ್ದು ಹಗೇವು. ಅದು ತುಂಬಿದ್ದರೆ ಅರ್ಧ ಬರ ಅರ್ಧಕ್ಕೇ ನಿಲ್ಲುತ್ತದೆ. ಹಿಂದಿನವರಿಗೆ ಆ ದಾರಿ ತೀರ ಚಿಕ್ಕದಾಗಿತ್ತು, ಒಂದೆರಡು ಸುಗ್ಗಿ ತಪ್ಪಿದರೆ ಮುಗಿಯುತ್ತಿತ್ತು. ಆದ್ದರಿಂದಲೇ ಅವರು ಎರಡಕ್ಕೂ ಒಂದೇ ಹೆಸರಿಟ್ಟಿರಬೇಕು.

ನಮ್ಮ ನಾಡಿನ ಚರಿತ್ರೆಯೂ ಈ ಮಾತಿಗೆ ಸಾಕ್ಷಿ. 1791-92ರ ಬರವನ್ನು ನಮ್ಮ ಹಿರಿಯರು ‘ಡೋಗಿ ಬರ’ ಎಂದು ಕರೆದರು. ಸುಡುವವರು, ಹೂಳುವವರು ಇಲ್ಲದೆ ತಲೆಬುರುಡೆಗಳು ಬಯಲಲ್ಲಿ ಬಿದ್ದಿದ್ದವೆಂದು ಆ ಹೆಸರು. 1876ರಿಂದ 78ರವರೆಗಿನದು ಧಾತು, ಈಶ್ವರ ಸಂವತ್ಸರಗಳ ಬರ. ಮದರಾಸು, ಮುಂಬಯಿ ಪ್ರಾಂತಗಳು, ಮೈಸೂರು, ಅಂದು ನಮ್ಮ ಈ ಸೀಮೆ ಸೇರಿದ್ದ ನಿಜಾಮರ ಹೈದರಾಬಾದು ಸಂಸ್ಥಾನ ಇವೆಲ್ಲ ಅದರ ಬಾಯಿಗೆ ಬಿದ್ದವು. ಸತ್ತವರು ಐವತ್ತು ಲಕ್ಷಕ್ಕೂ ಮೀರಿ ಎಂದು ಚರಿತ್ರಕಾರರ ಅಂದಾಜು. ಮಳೆ ಹೋದದ್ದು ನಿಜ. ಆದರೆ ಅದೇ ವರ್ಷಗಳಲ್ಲಿ ಭಾರತದಿಂದ ಇಂಗ್ಲೆಂಡಿಗೆ ಗೋಧಿಯ ಹಡಗುಗಳು ಹೋಗುತ್ತಲೇ ಇದ್ದವು. ಬ್ರಿಟಿಷ್ ಸರಕಾರ ಕಳಿಸಿದ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ, ಕಲ್ಲು ಮಣ್ಣು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಕಾಳು, ಒಂದು ಆಣೆ ಸಾಕೆಂದು 1877ರಲ್ಲಿ ಕೂಲಿಯನ್ನು ಇಳಿಸಿದನು. ಅನಾವೃಷ್ಟಿ ಆಕಾಶದಿಂದ ಬಂದಿತು. ದುರ್ಭಿಕ್ಷವನ್ನು ಮನುಷ್ಯರು ಕೂಡಿ ಮಾಡಿದರು.

ಮಳೆಯ ಕೊರತೆಯೇ ಇಲ್ಲದೆ ಕ್ಷಾಮ ಬರುವುದೂ ಉಂಟು. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆಗೆ ರೋಗ ತಗುಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಅದು ಮಳೆಗೆ ಕೊರತೆಯಿಲ್ಲದ ಹಸುರು ದೇಶ. 1943ರಲ್ಲಿ ಬಂಗಾಳದಲ್ಲಿ ಸತ್ತವರು ಇಪ್ಪತ್ತರಿಂದ ಮೂವತ್ತು ಲಕ್ಷ. ಬಾಲಕನಾಗಿ ಆ ಕ್ಷಾಮವನ್ನು ಕಂಡ ಅಮರ್ತ್ಯ ಸೇನ್ ಅವರು 1981ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಮಾತನ್ನು ಲೆಕ್ಕಹಾಕಿ ತೋರಿಸಿದರು: ಕ್ಷಾಮವಿಲ್ಲದ 1941ರಲ್ಲಿ ಬಂಗಾಳದಲ್ಲಿ ಇದ್ದ ಆಹಾರಕ್ಕಿಂತ 1943ರಲ್ಲಿ ಇದ್ದದ್ದು ಕಡಮೆಯೇನಲ್ಲ. ಧಾನ್ಯವಿತ್ತು, ಬೆಲೆ ಏರಿದ್ದರಿಂದ ಕೂಲಿಕಾರನ, ಬೆಸ್ತನ ಕೈಗೆ ಅದು ಎಟುಕಲಿಲ್ಲ. ಇದಕ್ಕೆ ತಿರುಗುಮುರುಗಾಗಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2012ರಿಂದ ನಾಲ್ಕೈದು ವರ್ಷ ಘೋರ ಅನಾವೃಷ್ಟಿಯಾದರೂ ಉಪವಾಸದಿಂದ ಊರುಗಳು ಬರಿದಾಗಲಿಲ್ಲ.

ದೂರದ ದೇಶಗಳೇಕೆ? ನಮ್ಮ ಜಿಲ್ಲೆಯನ್ನೇ ನೋಡಿರಿ. 1997ರಲ್ಲಿ ರಾಯಚೂರಿನಿಂದ ಬೇರೆಯಾದಾಗ ನಮ್ಮದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲೂಕುಗಳ ಜಿಲ್ಲೆ. ಆಕಾಶ ಈ ನಾಲ್ಕಕ್ಕೂ ಒಂದೇ. ವರ್ಷಕ್ಕೆ ಸರಾಸರಿ 600 ಮಿಲಿಮೀಟರಿನ ಆಸುಪಾಸು ಮಳೆ. ಆದರೆ ಬರ ನಾಲ್ಕಕ್ಕೂ ಒಂದೇ ಅಲ್ಲ. ಮುನಿರಾಬಾದಿನ ಬಳಿ ತುಂಗಭದ್ರೆಗೆ 1945ರಲ್ಲಿ ಅಡಿಗಲ್ಲು ಹಾಕಿ 1953ರಲ್ಲಿ ನೀರು ನಿಲ್ಲಿಸಿದ ಮೇಲೆ, ಎಡದಂಡೆಯ ಕಾಲುವೆ ಹರಿದ ಗಂಗಾವತಿಯ ಕಡೆ ಭತ್ತದ ಗದ್ದೆಗಳಾದವು. ಕುಷ್ಟಗಿಯ ಮಸಾರಿ, ಯಲಬುರ್ಗಾದ ಎರೆ ಭೂಮಿ ಇನ್ನೂ ಬಹುಮಟ್ಟಿಗೆ ಮಿರಗದ ಮಳೆ, ಉತ್ತರಿಯ ಮಳೆ ಎಂದು ಮುಗಿಲು ನೋಡುತ್ತವೆ. ನಮ್ಮ ವಸತಿ ನಿಲಯದಲ್ಲಿ ಗಂಗಾವತಿ ಕಡೆಯ ಗೆಳೆಯನೊಬ್ಬನಿದ್ದಾನೆ. “ನಿಮಗ ಮುಗಿಲು, ನಮಗ ಡ್ಯಾಮು” ಎಂದು ಅವನು ನನ್ನನ್ನು ಚೇಷ್ಟೆ ಮಾಡುತ್ತಿದ್ದನು. 2024ರ ಆಗಸ್ಟಿನಲ್ಲಿ ಜಲಾಶಯ ತುಂಬಿ ನಿಂತಿದ್ದಾಗಲೇ 19ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋಯಿತು. ಗೇಟಿನ ಜಾಗಕ್ಕೆ ಅಡ್ಡ ಹಲಗೆಗಳನ್ನು ಕೂರಿಸಿ ನೀರು ನಿಲ್ಲಿಸುವವರೆಗೆ ಒಂದು ವಾರ ಅವನು ಸರಿಯಾಗಿ ಉಣ್ಣಲಿಲ್ಲ. ಒಳ್ಳೆಯ ಮಳೆಯ ವರ್ಷದಲ್ಲಿ, ತುಂಬಿದ ಹೊಳೆಯ ದಂಡೆಯಲ್ಲಿ ಅವನ ಮನೆಯವರು ಬರಕ್ಕೆ ಅಂಜಿದರು. ಅಂದಿನಿಂದ ಅವನು ಆ ಚೇಷ್ಟೆ ಮಾಡುವುದಿಲ್ಲ.

ಹಾಗಾದರೆ 2023ರಲ್ಲಿ ನಮ್ಮ ಓಣಿಯಲ್ಲಿ ಯಾರೂ ಏಕೆ ಸಾಯಲಿಲ್ಲ? ಹಗೇವು ತುಂಬಿತ್ತೆ? ಇಲ್ಲ. ನಮ್ಮ ಹಗೇವಿನ ಕಲ್ಲನ್ನು ತೆಗೆದು ವರ್ಷಗಳೇ ಆಗಿವೆ. ನಾನು ಹುಟ್ಟಿದ ಮೇಲೆ ಅದರಲ್ಲಿ ಕಾಳು ಕಂಡಿಲ್ಲ. ಆದರೆ ಹಗೇವಿನ ಜಾಗಕ್ಕೆ ಬೇರೆ ಹಗೇವುಗಳು ಬಂದಿವೆ. 1880ರ ಕ್ಷಾಮ ಆಯೋಗವೂ ಅದರ ಬೆನ್ನಿಗೆ 1883ರಲ್ಲಿ ಬಂದ ಕ್ಷಾಮ ಸಂಹಿತೆಯೂ ಒಂದು ಸಂಗತಿಯನ್ನು ಗುರುತಿಸಿದವು: ಬರದಲ್ಲಿ ಬಡವನಿಗೆ ಮೊದಲು ತಪ್ಪುವುದು ಕೂಲಿ, ಕೂಲಿ ಕೊಟ್ಟರೆ ಕಾಳು ತಾನಾಗಿ ಅವನಿದ್ದಲ್ಲಿಗೆ ಬರುತ್ತದೆ. 1972ರ ಬರದಲ್ಲಿ ಹರೆಯದ ಹುಡುಗಿಯಾಗಿದ್ದ ನಮ್ಮ ಅಜ್ಜಿ ಕಾಮಗಾರಿಯಲ್ಲಿ ಜಲ್ಲಿ ಒಡೆದು, ಕಂಟ್ರೋಲಿನ ಕೆಂಪು ಜೋಳದ ರೊಟ್ಟಿ ತಿಂದು ಬದುಕಿದವಳು. “ಗಂಟಲಾಗ ಇಳೀತಿರಲಿಲ್ಲ, ಆದ್ರ ಜೀವ ಹಿಡೀತು” ಎನ್ನುತ್ತಾಳೆ. 2005ರ ಉದ್ಯೋಗ ಖಾತರಿ ಕಾಯಿದೆ, 2013ರ ಆಹಾರ ಭದ್ರತೆಯ ಕಾಯಿದೆ, ಅದೇ ವರ್ಷ ಬಂದ ಅನ್ನಭಾಗ್ಯ ಇವೆಲ್ಲ ಅದೇ ದಾರಿಯವು. ಅಜ್ಜಿ ಆ ವರ್ಷ ಒಲೆ ಹಚ್ಚಿದ್ದು ಪಡಿತರದ ಅಕ್ಕಿಯಿಂದ. ಡ್ರೌಟ್ ಫ್ಯಾಮಿನ್ ಆಗದಂತೆ ನಡುವೆ ನಿಂತದ್ದು ಮೋಡವಲ್ಲ, ಈ ಏರ್ಪಾಡುಗಳು. ಇವುಗಳಿಗೆ ತಲೆಬಾಗಲೇಬೇಕು.

ಆದರೂ ನನ್ನ ಹಳೆಯ ಪ್ರಶ್ನೆ ತೀರಲಿಲ್ಲ. ಬರ ಬಂದಿದೆಯೋ ಇಲ್ಲವೋ ಎಂದು ತೀರ್ಮಾನಿಸಲು ಸರಕಾರ 2016ರಲ್ಲಿ ಹೊರತಂದ ಕೈಪಿಡಿಯಲ್ಲಿ ಮಳೆಯ ಕೊರತೆ, ಬಿತ್ತನೆಯ ಕ್ಷೇತ್ರ, ಮಣ್ಣಿನ ತೇವ, ಉಪಗ್ರಹದಿಂದ ಕಂಡ ಹಸುರು, ಜಲಾಶಯದ ಮಟ್ಟ ಇವುಗಳನ್ನೆಲ್ಲ ಅಳೆಯುವ ಕ್ರಮವಿದೆ. ಒಳ್ಳೆಯ ಕ್ರಮವೇ. ಹಳೆಯ ಕ್ಷಾಮ ಸಂಹಿತೆಗಳು ಮಾತ್ರ ಆಕಾಶದ ಜೊತೆಗೆ ದಾರಿಯನ್ನೂ ನೋಡಲು ಅಧಿಕಾರಿಗಳಿಗೆ ಹೇಳಿದ್ದವು. ಕಾಳಿನ ಬೆಲೆ ಏರಿತೆ, ಭಿಕ್ಷುಕರು ಹೆಚ್ಚಿದರೆ, ಜನ ಊರು ಬಿಟ್ಟು ಅಲೆಯತೊಡಗಿದರೆ ಎಂದು ಕಣ್ಣಿಡಬೇಕಾಗಿತ್ತು. ಜನ ದಾರಿ ಹಿಡಿದರೆಂದರೆ ಕ್ಷಾಮ ಹೊಸ್ತಿಲಿಗೆ ಬಂದಿದೆ ಎಂದು ಅರ್ಥ.

ಆ ದಾರಿಗೆ ನಮ್ಮಲ್ಲಿ ಒಂದು ಶಬ್ದವಿದೆ: ಗುಳೆ. ನನಗೆ ಸಿಕ್ಕಿದ ಇಂಗ್ಲಿಷ್ ನಿಘಂಟುಗಳಲ್ಲಿ ಅದಕ್ಕೆ ಹೊಂದುವ ಮಾತು ಕಾಣಲಿಲ್ಲ. ‘ಮೈಗ್ರೇಶನ್’ ಎಂದರೆ ಹಕ್ಕಿಗಳೂ ಮಾಡುತ್ತವೆ, ದೊಡ್ಡ ಸಂಬಳದ ಇಂಜಿನಿಯರರೂ ಮಾಡುತ್ತಾರೆ. ಗುಳೆ ಎಂದರೆ ರೊಟ್ಟಿಯ ಬುತ್ತಿ, ಹಾಸಿಗೆಯ ಸುರುಳಿ, ಮಕ್ಕಳು, ಮರಿ ಕಟ್ಟಿಕೊಂಡು ಹೋಗುವುದು. ಬರುವ ತಿಥಿ ಗೊತ್ತಿಲ್ಲದೆ ಹೋಗುವುದು. ಡ್ರೌಟ್ ಮತ್ತು ಫ್ಯಾಮಿನ್ ಎಂಬ ಎರಡು ಶಬ್ದಗಳ ನಡುವೆ ಒಂದು ಬಯಲಿದೆ. ನಮ್ಮ ಕುಷ್ಟಗಿ, ಯಲಬುರ್ಗಾದ ಎಷ್ಟೋ ಮನೆತನಗಳು ಬರದ ವರ್ಷಗಳಲ್ಲಿ ವಾಸಿಸುವುದು ಆ ಬಯಲಿನಲ್ಲಿ. ಅಲ್ಲಿ ಯಾರೂ ಸಾಯುವುದಿಲ್ಲ, ಆದ್ದರಿಂದ ಅದು ಫ್ಯಾಮಿನ್ ಅಲ್ಲ. ಅಲ್ಲಿ ಒಣಗುವುದು ಬೆಳೆಯೊಂದೇ ಅಲ್ಲ, ಆದ್ದರಿಂದ ಬರಿಯ ಡ್ರೌಟೂ ಅಲ್ಲ.

ಈ ವರ್ಷ ನಾನು ಆ ಹಳೆಯ ‘ನನ್ನ ಹಳ್ಳಿ’ಯನ್ನು ತಿದ್ದಿ ಬರೆದು ಅದೇ ಪ್ರಾಧ್ಯಾಪಕರಿಗೆ ತೋರಿಸಿದೆ. ‘2023ರಲ್ಲಿ ನಮ್ಮ ಹಳ್ಳಿಯಲ್ಲಿ ಡ್ರೌಟ್ ಬಿದ್ದಿತು. ಪಡಿತರದ ಅಕ್ಕಿ ಇದ್ದುದರಿಂದ ಫ್ಯಾಮಿನ್ ಆಗಲಿಲ್ಲ. ಒಂಬತ್ತು ಮನೆಯವರು ಗುಳೆ ಹೋದರು’ ಎಂದು ಮೂರು ವಾಕ್ಯ. ‘ಗುಳೆ’ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಾಗೆಯೇ ಬರೆದಿದ್ದೆ. ಅವರು ಬಹಳ ಹೊತ್ತು ನೋಡಿದರು. ಕೆಂಪು ಲೇಖನಿ ಕೈಯಲ್ಲಿಯೇ ಇತ್ತು, ಏನನ್ನೂ ತಿದ್ದಲಿಲ್ಲ. “ನಿಮ್ಮ ಮನೀಯವರು ಹೋಗಿದ್ರೇನು?” ಎಂದು ಕೇಳಿದರು. ಹೌದೆಂದೆ. “ಅವತ್ತು ಯಾಕ ಹೇಳಲಿಲ್ಲ?” ಎಂದರು. ಅವತ್ತು ನನಗೆ ಆ ಶಬ್ದ ಹೊಳೆದಿರಲಿಲ್ಲ. ಇದನ್ನು ಕನ್ನಡದಲ್ಲಿ ಬರೆದು ಕಾಲೇಜಿನ ಸಂಚಿಕೆಗೆ ಕೊಡು ಎಂದವರೂ ಅವರೇ.

ಅಪ್ಪ, ಅವ್ವ 2024ರ ಮುಂಗಾರಿಗೆ ಮರಳಿ ಬಂದು ಬಿತ್ತಿದರು. ಆ ವರ್ಷ ಸಜ್ಜೆ ಕೈಗೆ ಬಂದಿತು. ತಂಗಿ ಮತ್ತೆ ಎಂಟನೆಯ ತರಗತಿಯಲ್ಲಿಯೇ ಕುಳಿತಳು. ಈಗ ಅವಳು ಒಂಬತ್ತನೆಯದರಲ್ಲಿದ್ದಾಳೆ. ಅವಳ ಜೊತೆಯವರು ಹತ್ತನೆಯ ಪರೀಕ್ಷೆಗೆ ಓದುತ್ತಿದ್ದಾರೆ.